ರಂಗಯ್ಯನದುರ್ಗ: ಕಾವ್ಯ ಕಾಣದ ಕಾಡು

ಚಂಪೂಕಾವ್ಯಗಳ ಅಷ್ಟಾದಶ ವರ್ಣನೆಗಳಲ್ಲಿ ವನಕ್ಕೆ ನಿಶ್ಚಿತ ಸ್ಥಾನವಿದೆ. ಆದರೆ ಅದು ಬಹುಮಟ್ಟಿಗೆ ನೆರಳಿನ, ಹೂವಿನ ವನ. ಬನವಾಸಿಯನ್ನು ಬಣ್ಣಿಸುವ ಪಂಪನೂ ಕಾಣಿಸುವುದು ಮಾಮರವನ್ನು, ಸಂಪಗೆಯನ್ನು. ಬಯಲುಸೀಮೆಯ ಕುರುಚಲು ಕಾಡಿಗೆ ಅಂತಹ ಕಾವ್ಯಗೌರವ ದೊರೆತದ್ದು ವಿರಳ.

ದಾವಣಗೆರೆ ಜಿಲ್ಲೆಯ ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗ ಇಂತಹದೊಂದು ಒಣ ಕಾಡು. ಸುಮಾರು 77 ಚದರ ಕಿಲೋಮೀಟರ್ ವಿಸ್ತಾರದ ಈ ಪ್ರದೇಶವನ್ನು 2011ರಲ್ಲಿ ಕೊಂಡುಕುರಿಯ ರಕ್ಷಣೆಗಾಗಿ ವನ್ಯಧಾಮವೆಂದು ಘೋಷಿಸಲಾಯಿತು. ಗಂಡಿಗೆ ನಾಲ್ಕು ಕೊಂಬುಗಳಿರುವ ಈ ಪ್ರಾಣಿ ಭಾರತ, ನೇಪಾಳಗಳಲ್ಲಿ ಮಾತ್ರ ಉಳಿದಿದೆ.

'ದುರ್ಗ'ವೆಂದರೆ ಸುಲಭವಾಗಿ ಹೋಗಲಾಗದ ನೆಲೆ. ಕೌಟಿಲ್ಯನ ಅರ್ಥಶಾಸ್ತ್ರವು ಪರ್ವತದುರ್ಗದೊಡನೆ ವನದುರ್ಗವನ್ನೂ ಹೇಳುತ್ತದೆ; ಅಲ್ಲಿ ಪೊದೆಯೇ ಕೋಟೆ. ಎತ್ತರದ ಹುಲ್ಲು, ಪೊದೆಗಳ ಮರೆಯಲ್ಲಿ ಬದುಕುವ ಕೊಂಡುಕುರಿಗೆ ಈ ಕಾಡು ಅಕ್ಷರಶಃ ವನದುರ್ಗ.

ದಿಂಡಿಗ, ತುಗ್ಗಲಿ, ಕಗ್ಗಲಿ, ಎಲಚಿ ಮುಂತಾದವು ಬಯಲುಸೀಮೆಯ ಒಣ ಕಾಡುಗಳ ಗಿಡಮರಗಳು. ಬೇಸಿಗೆಯಲ್ಲಿ ಎಲೆಯುದುರಿಸಿ ನೀರನ್ನು ಉಳಿಸಿಕೊಳ್ಳುವುದು ಇಲ್ಲಿನ ಹಲವು ಮರಗಳ ಬಾಳುವೆಯ ಕ್ರಮ. ಬರಿಗಣ್ಣಿಗೆ ಅದು ಬರಡಾಗಿ ತೋರುತ್ತದೆ. ಹೀಗೆ 'ಪಾಳು' ಎಂದು ಕರೆಯಿಸಿಕೊಂಡ ಕಾಡು ಕೊಡಲಿಗೆ ಬೇಗ ಈಡಾಗುತ್ತದೆ.

ಈ ಸಸ್ಯನಾಮಗಳು ಕಾವ್ಯಕ್ಕಿಂತ ಹೆಚ್ಚಾಗಿ ಉಳಿದಿರುವುದು ಕುರಿಗಾಹಿಗಳ, ನಾಟಿವೈದ್ಯರ ನಾಲಗೆಯ ಮೇಲೆ. ಅವನ್ನು ಊರೂರಿನಲ್ಲಿ ಕೇಳಿ ದಾಖಲಿಸುವುದು ಸಾಹಿತ್ಯ ಸಂಶೋಧಕರ ಹೊಣೆಯೂ ಹೌದು. ಹೆಸರು ಮರೆತ ಮರವನ್ನು ಕಡಿಯುವುದು ಸುಲಭ.