ಕ್ರೀಡಾ ಮತ್ತು ಆರೋಗ್ಯ ವಿಜ್ಞಾನಗಳಲ್ಲಿ ಸಂಶೋಧನಾ ವಿಧಾನ ಹಾಗೂ ದತ್ತಾಂಶ ವಿಶ್ಲೇಷಣೆ: ಹುಬ್ಬಳ್ಳಿ-ಧಾರವಾಡದ ಅಭ್ಯರ್ಥಿಗಳಿಗೆ ಮಾಹಿತಿ

ಪೀಠಿಕೆ

ದೈಹಿಕ ಶಿಕ್ಷಣ, ಫಿಸಿಯೋಥೆರಪಿ, ವೈದ್ಯಕೀಯ ಹಾಗೂ ಸಮುದಾಯ ಆರೋಗ್ಯ ವಿಷಯಗಳಲ್ಲಿ ಸಂಶೋಧನೆ ಕೈಗೊಳ್ಳುವವರಿಗೆ ವಿಷಯಜ್ಞಾನವೊಂದೇ ಸಾಲದು. ಯಾರನ್ನು, ಎಷ್ಟು ಜನರನ್ನು, ಯಾರ ಅನುಮತಿಯಿಂದ ಅಳೆಯಬೇಕು ಎಂಬುದು ಮಾಪನ ಆರಂಭವಾಗುವ ಮೊದಲೇ ನಿರ್ಧಾರವಾಗಿರಬೇಕಾಗುತ್ತದೆ. ಈ ಕ್ರಮ ತಪ್ಪಿದಲ್ಲಿ ಒಂದು ವರ್ಷದ ಶ್ರಮವೂ ವ್ಯರ್ಥವಾಗುವ ಸಂಭವವಿರುತ್ತದೆ. ಆದ್ದರಿಂದ ಅಭ್ಯರ್ಥಿಗಳ ಅನುಕೂಲಕ್ಕಾಗಿ ಈ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

1. ಅವಳಿ ನಗರದಲ್ಲಿರುವ ಸಂಸ್ಥೆಗಳು

ಅ) 1949ರಲ್ಲಿ ಸ್ಥಾಪಿತವಾದ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ದೈಹಿಕ ಶಿಕ್ಷಣ ಹಾಗೂ ಸಂಖ್ಯಾಶಾಸ್ತ್ರ ಅಧ್ಯಯನ ವಿಭಾಗಗಳಿವೆ.
ಆ) ಹುಬ್ಬಳ್ಳಿಯಲ್ಲಿ 1957ರಲ್ಲಿ ಆರಂಭವಾದ ಸರ್ಕಾರಿ ವೈದ್ಯಕೀಯ ಕಾಲೇಜು ಜನರಲ್ಲಿ ಕಿಮ್ಸ್ ಎಂದೇ ಪರಿಚಿತವಾಗಿದೆ.
ಇ) ಧಾರವಾಡದ ಸತ್ತೂರಿನಲ್ಲಿರುವ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯ ಹಾಗೂ ಫಿಸಿಯೋಥೆರಪಿ ಶಿಕ್ಷಣ ಲಭ್ಯವಿದೆ.

ಮನೆಯಿಂದಲೇ ಕಲಿಯಬಯಸುವವರು ಕೇಂದ್ರ ಸರ್ಕಾರವು 2017ರಲ್ಲಿ ಆರಂಭಿಸಿದ 'ಸ್ವಯಂ' ಜಾಲತಾಣದ ಪಾಠಗಳ ಪ್ರಯೋಜನ ಪಡೆಯಬಹುದು. ವೈದ್ಯಕೀಯ ಸ್ನಾತಕೋತ್ತರ ವಿದ್ಯಾರ್ಥಿಗಳಿಗಾಗಿ ಚೆನ್ನೈನ ರಾಷ್ಟ್ರೀಯ ಸಾಂಕ್ರಾಮಿಕ ರೋಗಶಾಸ್ತ್ರ ಸಂಸ್ಥೆಯು 2019ರಿಂದ ಸಂಶೋಧನಾ ವಿಧಾನದ ಮೂಲ ಪಾಠಕ್ರಮವನ್ನು ಆನ್‌ಲೈನ್ ಮೂಲಕ ಒದಗಿಸುತ್ತಿದೆ.

2. ಪಿಎಚ್.ಡಿ. ಅಭ್ಯರ್ಥಿಗಳಿಗೆ ಸಂಬಂಧಿಸಿದ ನಿಯಮಗಳು

ವಿಶ್ವವಿದ್ಯಾಲಯ ಅನುದಾನ ಆಯೋಗದ 2022ರ ನಿಯಮಾವಳಿಯಂತೆ, ಸ್ನಾತಕೋತ್ತರ ಪದವಿಯ ಮೂಲಕ ಪ್ರವೇಶ ಬಯಸುವವರು ಕನಿಷ್ಠ ಶೇ. 55 ಅಂಕ ಪಡೆದಿರಬೇಕು. ಮೀಸಲು ವರ್ಗಗಳಿಗೆ ಶೇ. 5ರ ಸಡಿಲಿಕೆ ಇರುತ್ತದೆ. ಸಂಶೋಧನಾ ವಿಧಾನ ಹಾಗೂ ಸಂಶೋಧನೆ ಮತ್ತು ಪ್ರಕಟಣಾ ನೀತಿಯ ಪಾಠಗಳನ್ನೊಳಗೊಂಡ ಕೋರ್ಸ್‌ವರ್ಕ್ ಕಡ್ಡಾಯವಾಗಿದ್ದು, ಪಿಎಚ್.ಡಿ. ಅವಧಿಯು ಕನಿಷ್ಠ 3 ವರ್ಷಗಳಾಗಿರುತ್ತದೆ. ಸದರಿ ನಿಯಮಾವಳಿಯಂತೆ ಎಂ.ಫಿಲ್. ಪದವಿಯನ್ನು ಕೈಬಿಡಲಾಗಿದೆ.

3. ಮಾಪನಕ್ಕೆ ಮೊದಲು ಅನುಮತಿ

ಮನುಷ್ಯರನ್ನು ಒಳಗೊಂಡ ಆರೋಗ್ಯ ಸಂಶೋಧನೆಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಅನ್ವಯವಾಗುತ್ತದೆ. ಗರಡಿಮನೆಯ ಪೈಲ್ವಾನರ ನಾಡಿಮಿಡಿತ ಎಣಿಸುವುದಾಗಲಿ, ಶಾಲಾ ಕಬಡ್ಡಿ ತಂಡದ ಎತ್ತರ, ತೂಕ ದಾಖಲಿಸುವುದಾಗಲಿ, ಅದು ಸಂಶೋಧನೆಯ ಭಾಗವಾಗಿದ್ದಲ್ಲಿ ಸಾಂಸ್ಥಿಕ ನೈತಿಕ ಸಮಿತಿಯ ಪರಿಶೀಲನೆಗೆ ಮೊದಲೇ ಸಲ್ಲಿಸತಕ್ಕದ್ದು.

ಭಾಗವಹಿಸುವವರ ಲಿಖಿತ ಸಮ್ಮತಿಯನ್ನು ಅವರಿಗೆ ತಿಳಿಯುವ ಭಾಷೆಯಲ್ಲಿ ಪಡೆಯಬೇಕು. 18 ವರ್ಷದೊಳಗಿನವರಾದಲ್ಲಿ ಪಾಲಕರ ಸಮ್ಮತಿ ಅವಶ್ಯ. ಇದರ ಜೊತೆಗೆ 7ರಿಂದ 12 ವರ್ಷದ ಮಕ್ಕಳ ಮೌಖಿಕ ಒಪ್ಪಿಗೆಯನ್ನೂ, ಅದಕ್ಕಿಂತ ದೊಡ್ಡ ಮಕ್ಕಳ ಲಿಖಿತ ಒಪ್ಪಿಗೆಯನ್ನೂ ಪಡೆಯಬೇಕಾಗುತ್ತದೆ. ತರಬೇತುದಾರರ ಅಥವಾ ಮುಖ್ಯೋಪಾಧ್ಯಾಯರ ಅನುಮತಿ ಇವುಗಳಿಗೆ ಬದಲಿಯಾಗುವುದಿಲ್ಲ. ಪೂರ್ವಾನುಮತಿಯಿಲ್ಲದೆ ಸಂಗ್ರಹಿಸಿದ ದತ್ತಾಂಶವು ಪ್ರಬಂಧಕ್ಕಾಗಲಿ, ಪ್ರಕಟಣೆಗಾಗಲಿ ಸ್ವೀಕೃತವಾಗದಿರಬಹುದು. ಚಿಕಿತ್ಸಾ ಪ್ರಯೋಗಗಳಾದಲ್ಲಿ ಮೊದಲ ವ್ಯಕ್ತಿಯನ್ನು ಸೇರಿಸಿಕೊಳ್ಳುವ ಮುನ್ನವೇ ಭಾರತೀಯ ಚಿಕಿತ್ಸಾ ಪ್ರಯೋಗಗಳ ನೋಂದಣಿ ಪಟ್ಟಿಯಲ್ಲಿ ದಾಖಲಿಸಬೇಕು.

4. ಮಾದರಿಯ ಗಾತ್ರ

ಒಂದು ದೊಡ್ಡ ಜನಸಮುದಾಯದಲ್ಲಿ ಎಷ್ಟು ಪ್ರಮಾಣದ ಜನರು ನಿತ್ಯ ವ್ಯಾಯಾಮ ಮಾಡುತ್ತಾರೆಂದು ತಿಳಿಯಲು, ಶೇ. 95ರ ವಿಶ್ವಾಸಮಟ್ಟದಲ್ಲಿ, ಹೆಚ್ಚು ಕಡಿಮೆ ಶೇ. 5ರ ವ್ಯತ್ಯಾಸಕ್ಕೆ ಒಳಪಟ್ಟು, ಯಾದೃಚ್ಛಿಕವಾಗಿ ಆಯ್ದ ಸುಮಾರು 385 ಜನರು ಸಾಕಾಗುತ್ತಾರೆ. ಆದರೆ ಬೆಳಗಿನ ಮೈದಾನದಲ್ಲಿ ಸಿಕ್ಕವರನ್ನಷ್ಟೇ ಕೇಳಿದರೆ, ಸಾವಿರ ಜನರ ಉತ್ತರವೂ ಊರಿನ ಸ್ಥಿತಿಯನ್ನು ತೋರಿಸುವುದಿಲ್ಲ. ವ್ಯಾಯಾಮ ಮಾಡದವರು ಅಲ್ಲಿಗೆ ಬಂದಿರುವುದೇ ಇಲ್ಲ.

5. ದತ್ತಾಂಶ ವಿಶ್ಲೇಷಣೆ

ಅ) ಅಳತೆಗೋಲಿನ ಆಯ್ಕೆ: 1.70 ಮೀಟರ್ ಎತ್ತರ, 69 ಕಿಲೋಗ್ರಾಂ ತೂಕದ ವ್ಯಕ್ತಿಯ ದೇಹತೂಕ ಸೂಚ್ಯಂಕ 23.9 ಆಗುತ್ತದೆ. ಅಧಿಕ ತೂಕಕ್ಕೆ ಅಂತರರಾಷ್ಟ್ರೀಯ ಮಿತಿಯಾದ 25ರ ಪ್ರಕಾರ ಆತನ ತೂಕ ಸಾಮಾನ್ಯ. ಭಾರತೀಯರಿಗೆ ಬಳಸಲಾಗುವ 23ರ ಮಿತಿಯ ಪ್ರಕಾರ ಅಧಿಕ. ಈ ಸೂಚ್ಯಂಕವು ಸ್ನಾಯುವನ್ನೂ ಕೊಬ್ಬನ್ನೂ ಬೇರ್ಪಡಿಸುವುದಿಲ್ಲವಾದ್ದರಿಂದ ಕುಸ್ತಿಪಟುಗಳ ವಿಷಯದಲ್ಲಿ ಇದನ್ನೊಂದೇ ನಂಬಬಾರದು. ಬಳಸುವ ಮಿತಿಯನ್ನು ಪ್ರಸ್ತಾವನೆಯಲ್ಲಿಯೇ ನಮೂದಿಸಬೇಕು.

ಆ) ಹೋಲಿಕೆ: ಅದೇ ಕ್ರೀಡಾಪಟುಗಳನ್ನು 12 ವಾರಗಳ ತರಬೇತಿಗೆ ಮೊದಲು ಮತ್ತು ನಂತರ ಅಳೆದಾಗ ಜೋಡಿ ಟಿ-ಪರೀಕ್ಷೆಯನ್ನು ಬಳಸಬಹುದು. ಆದರೆ ಏಪ್ರಿಲ್ ಬಿಸಿಲಿನಲ್ಲಿ ಮೊದಲನೆಯದನ್ನೂ, ಜುಲೈ ಮಳೆಯಲ್ಲಿ ಎರಡನೆಯದನ್ನೂ ಅಳೆದಿದ್ದಲ್ಲಿ, ನಾಡಿಮಿಡಿತ ಇಳಿದದ್ದು ತರಬೇತಿಯಿಂದಲೋ ಹವೆಯಿಂದಲೋ ಹೇಳಲಾಗದು. ತರಬೇತಿ ಪಡೆಯದ ಇನ್ನೊಂದು ಗುಂಪನ್ನು ಅದೇ ದಿನಗಳಂದು ಅಳೆಯುವುದು ಇದಕ್ಕಾಗಿಯೇ.

ಇ) ಫಲಿತಾಂಶ: ಪಿ-ಮೌಲ್ಯ 0.05ಕ್ಕಿಂತ ಕಡಿಮೆಯಾದ ಮಾತ್ರಕ್ಕೆ ತರಬೇತಿ ಉಪಯುಕ್ತವೆಂದಾಗುವುದಿಲ್ಲ. ನಿಮಿಷಕ್ಕೆ ಒಂದೇ ಮಿಡಿತ ಇಳಿದಿದ್ದರೂ, ಗುಂಪು ದೊಡ್ಡದಾಗಿದ್ದಲ್ಲಿ ಅಂತಹ ಮೌಲ್ಯ ಬರಬಹುದು. ಆದುದರಿಂದ ವ್ಯತ್ಯಾಸದ ಪ್ರಮಾಣವನ್ನೂ ವಿಶ್ವಾಸ ವ್ಯಾಪ್ತಿಯನ್ನೂ ವರದಿ ಮಾಡಬೇಕು.

ಲೆಕ್ಕಾಚಾರಕ್ಕೆ ದುಬಾರಿ ತಂತ್ರಾಂಶ ಖರೀದಿಸುವ ಅವಶ್ಯಕತೆ ಇರುವುದಿಲ್ಲ. 'ಆರ್', 'ಪಿಎಸ್‌ಪಿಪಿ' ಹಾಗೂ 'ಎಪಿ ಇನ್ಫೋ' ತಂತ್ರಾಂಶಗಳು ಉಚಿತವಾಗಿ ದೊರೆಯುತ್ತವೆ.

6. ಅರ್ಜಿದಾರರ ಗಮನಕ್ಕೆ

ಸಂಶೋಧನಾ ಪ್ರಶ್ನೆ, ಮಾದರಿಯ ಗಾತ್ರ, ಸಮ್ಮತಿ ಪತ್ರದ ಕನ್ನಡ ಪ್ರತಿ ಹಾಗೂ ವಿಶ್ಲೇಷಣೆಯ ಯೋಜನೆ, ಈ ನಾಲ್ಕನ್ನೂ ಸಿದ್ಧಪಡಿಸಿ ಮಾರ್ಗದರ್ಶಕರೊಂದಿಗೆ ಚರ್ಚಿಸಿದ ನಂತರವೇ ನೈತಿಕ ಸಮಿತಿಗೆ ಪ್ರಸ್ತಾವನೆ ಸಲ್ಲಿಸುವುದು ಸೂಕ್ತ. ಸಂಖ್ಯಾಶಾಸ್ತ್ರಜ್ಞರ ಸಲಹೆಯನ್ನು ದತ್ತಾಂಶ ಸಂಗ್ರಹಿಸಿದ ಮೇಲಲ್ಲ, ಈ ಹಂತದಲ್ಲಿಯೇ ಪಡೆಯಬೇಕು. ಪ್ರವೇಶ ಅಧಿಸೂಚನೆ, ಶುಲ್ಕ ಹಾಗೂ ಕೊನೆಯ ದಿನಾಂಕಗಳಿಗಾಗಿ ಸಂಬಂಧಪಟ್ಟ ಸಂಸ್ಥೆಯ ಕಚೇರಿಯನ್ನು ಸಂಪರ್ಕಿಸುವುದು.