ಬ್ಯಾಟಲ್‌ಶಿಪ್ ಮತ್ತೆ ಕಟ್ಟಲಾದೀತೆ?

ಕಳೆದ ರಜೆಯಲ್ಲಿ ನಾವು ಮನೆಮಂದಿಯೆಲ್ಲ ಅಮೆರಿಕದ ಸಿಯಾಟಲ್ ಬಳಿಯ ಈಸ್ಟ್‌ಗೇಟ್‌ನಲ್ಲಿ, ತಂಗಿಯ ಮನೆಯಲ್ಲಿ ಇದ್ದೆವು. ಬೆಲ್‌ವ್ಯೂ ನಗರದ ಈ ಬಡಾವಣೆಯ ಪಕ್ಕದಲ್ಲೇ ಐ-90 ಹೆದ್ದಾರಿ. ಅದನ್ನು ಹಿಡಿದು ಪಶ್ಚಿಮಕ್ಕೆ ಹೊರಟರೆ ವಾಷಿಂಗ್ಟನ್ ಸರೋವರದ ತೇಲುವ ಸೇತುವೆ ದಾಟಿ ಸಿಯಾಟಲ್ ಧಕ್ಕೆ. ಅಲ್ಲಿಂದ ಫೆರಿಯಲ್ಲಿ ಒಂದು ಗಂಟೆ ಹೋದರೆ ಬ್ರೆಮರ್ಟನ್. ಅಮೆರಿಕ ನೌಕಾಪಡೆಯ ದೊಡ್ಡ ಹಡಗುಕಟ್ಟೆ ಇರುವ ಊರು.

ಫೆರಿಯ ಕಂಬಿಗೆ ಒರಗಿ ನಿಂತಿದ್ದ ತಂಗಿಯ ಮಗ ಕೇಳಿದ: "ಮಾಮಾ, ಹಳೇ ಕಾಲದ ಬ್ಯಾಟಲ್‌ಶಿಪ್ ಇದ್ವಲ್ಲ, ಅಂಥದ್ದನ್ನ ಈಗ ಕಟ್ಟೋಕಾಗುತ್ತಾ?" ಎಂಬತ್ತು ವರ್ಷದ ಹಿಂದೆ ಕಟ್ಟಿದವರಿಗೆ ಈಗೇನು ಕಷ್ಟ ಎಂದುಬಿಟ್ಟೆವು. ಗಲ್ಫ್‌ಗೆ ವಾಪಸಾಗಿ, ಆಸ್ಪತ್ರೆಯ ಡ್ಯೂಟಿ ಮುಗಿಸಿ ರಾತ್ರಿ ಓದುತ್ತಾ ಹೋದಾಗ ಆ ಉತ್ತರ ಅಷ್ಟು ಸಲೀಸಲ್ಲ ಎಂದು ತಿಳಿಯಿತು.

ಎಲ್ಲ ಯುದ್ಧನೌಕೆಯೂ ಬ್ಯಾಟಲ್‌ಶಿಪ್ ಅಲ್ಲ. ಅಡಿಯಷ್ಟು ದಪ್ಪದ ಉಕ್ಕಿನ ಕವಚ ತೊಟ್ಟು, ದೈತ್ಯ ಫಿರಂಗಿ ಹೊತ್ತು, ಎದುರಾಳಿಯ ಹೊಡೆತ ತಿಂದೂ ನಿಲ್ಲಬೇಕೆಂದು ಕಟ್ಟಿದ ಹಡಗಿಗೆ ಮಾತ್ರ ಆ ಹೆಸರು. ನಾವು ಫೆರಿ ಹತ್ತಿದ ಸಿಯಾಟಲ್ ದಡದಲ್ಲೇ ಅಂಥದ್ದೊಂದು ಹುಟ್ಟಿತ್ತು. 'ನೆಬ್ರಾಸ್ಕಾ' ಅದರ ಹೆಸರು. ಕಟ್ಟಿದ್ದು ಮೋರನ್ ಸಹೋದರರ ಕಂಪನಿ. ರಾಬರ್ಟ್ ಮೋರನ್ 1875ರಲ್ಲಿ ಜೇಬಿನಲ್ಲಿ ಹತ್ತು ಸೆಂಟ್ ಇಟ್ಟುಕೊಂಡು ಈ ಊರಿಗೆ ಬಂದವನಂತೆ. ಮುಂದೆ ಊರಿನ ಮೇಯರೇ ಆದ. ಸರ್ಕಾರದ ಟೆಂಡರಿಗೆ ದರ ಹೊಂದದೇ ಹೋದಾಗ ಊರವರೇ ಚಂದಾ ಎತ್ತಿ ಒಂದು ಲಕ್ಷ ಡಾಲರ್ ಕೂಡಿಸಿಕೊಟ್ಟರು. 1902ರ ಜುಲೈ 4ರಂದು ಕೆಲಸ ಶುರು, 1904ರ ಅಕ್ಟೋಬರ್ 7ರಂದು ಹಡಗು ನೀರಿಗೆ, 1907ರಲ್ಲಿ ನೌಕಾಪಡೆಗೆ. (ವೈದ್ಯರು ಇನ್ನು ಹೆಚ್ಚು ದಿನ ಇಲ್ಲ ಎಂದರೆಂದು ಮೋರನ್ ಕಂಪನಿ ಮಾರಿ ದ್ವೀಪ ಸೇರಿದ. ಬದುಕಿದ್ದು 1943ರವರೆಗೆ. ನಮ್ಮ ಆಸ್ಪತ್ರೆಯ ಡಾಕ್ಟರುಗಳಿಗೆ ಇದನ್ನು ಹೇಳಿ ನಗಿಸಿದ್ದೇವೆ.)

ಆದರೆ ಆ ಹಡಗನ್ನು ಸಿಯಾಟಲ್ ಒಂದೇ ಕಟ್ಟಿತು ಎನ್ನುವಂತಿಲ್ಲ. ಆ ಕಾಲದಲ್ಲಿ ಅಮೆರಿಕದ ಕವಚದ ಹಲಗೆಗಳು ಬರುತ್ತಿದ್ದದ್ದು ಖಂಡದ ಇನ್ನೊಂದು ಬದಿಯ ಪೆನ್ಸಿಲ್ವೇನಿಯಾದ ಬೆತ್ಲೆಹೆಮ್, ಕಾರ್ನೆಗಿ ಕಾರ್ಖಾನೆಗಳಿಂದ. ದೊಡ್ಡ ಫಿರಂಗಿ ತಯಾರಾಗುತ್ತಿದ್ದದ್ದು ರಾಜಧಾನಿಯ ನೌಕಾ ಕಾರ್ಖಾನೆಯಲ್ಲಿ. ಹಡಗುಕಟ್ಟೆ ಈ ಸರಪಳಿಯ ಕೊನೆಯ ಕೊಂಡಿ ಮಾತ್ರ.

ಬ್ರೆಮರ್ಟನ್ನಿನಲ್ಲಿ ಈಗ ಬ್ಯಾಟಲ್‌ಶಿಪ್ ಇಲ್ಲ. 1955ರಿಂದ 1984ರವರೆಗೆ ಇಲ್ಲಿ ಲಂಗರು ಹಾಕಿ ಮಲಗಿದ್ದು 'ಮಿಸೌರಿ'. 1945ರ ಸೆಪ್ಟೆಂಬರ್ 2ರಂದು ಜಪಾನ್ ಶರಣಾಗತಿಗೆ ಸಹಿ ಹಾಕಿದ್ದು ಇದರ ಮೇಲೆಯೇ. 270 ಮೀಟರ್ ಉದ್ದ, 16 ಇಂಚಿನ ಒಂಬತ್ತು ಫಿರಂಗಿ, ಒಂದೊಂದು ಗುಂಡು ಸುಮಾರು 1,200 ಕಿಲೋ. ಅಷ್ಟು ವರ್ಷ ಅದು ತುಕ್ಕು ಹಿಡಿಯದಂತೆ ಒಳಗಿನ ಗಾಳಿಯ ತೇವವನ್ನು ಯಂತ್ರಗಳಿಂದ ಹೀರಿಸುತ್ತಿದ್ದರು. ಮಾತ್ರೆ ಡಬ್ಬಿಯಲ್ಲಿ ನಾವು ಹಾಕಿಡುವ ಸಿಲಿಕಾ ಜೆಲ್ ಪೊಟ್ಟಣದ್ದೇ ಕೆಲಸ, ಅಳತೆ ಮಾತ್ರ ಬೇರೆ. ಹಾಗೆ ಕಾಪಾಡಿದ್ದರಿಂದಲೇ 1986ರಲ್ಲಿ ಅದು ಮತ್ತೆ ಸೇವೆಗೆ ಬಂತು. ಆಗಲೂ ಅಮೆರಿಕ ಹೊಸದು ಕಟ್ಟಲಿಲ್ಲ. ಇದ್ದ ನಾಲ್ಕನ್ನೇ ಎಬ್ಬಿಸಿತು.

ಮುಂದಿನದು ನಮ್ಮ ಸಮುದ್ರದ ಕಥೆ. 1991ರ ಫೆಬ್ರವರಿಯಲ್ಲಿ ಕುವೈತ್ ಕರಾವಳಿಯ ಮೇಲೆ ಗುಂಡು ಸುರಿಸಿದ್ದು ಇದೇ ಮಿಸೌರಿ ಮತ್ತು ಅದರ ಜೊತೆಯ ವಿಸ್ಕಾನ್ಸಿನ್. ಬ್ಯಾಟಲ್‌ಶಿಪ್‌ಗಳು ಯುದ್ಧದಲ್ಲಿ ಫಿರಂಗಿ ಹಾರಿಸಿದ್ದು ಅದೇ ಕೊನೆ. ಅದಕ್ಕೆ ಕೆಲವೇ ತಿಂಗಳ ಹಿಂದೆ ಇದ್ದಬದ್ದದ್ದನ್ನು ಬಿಟ್ಟು ಅಮ್ಮಾನ್ ಮೂಲಕ ಊರು ಸೇರಿದ ಹಿರಿಯರು ನಮ್ಮ ನಡುವೆ ಇದ್ದಾರೆ. ಫೆಬ್ರವರಿ 25ರಂದು ಇರಾಕಿ ಕ್ಷಿಪಣಿಯೊಂದು ಮಿಸೌರಿಯ ಕಡೆ ಹಾರಿ ಬಂದಾಗ ಅದನ್ನು ಹೊಡೆದುರುಳಿಸಿದ್ದು ಪಕ್ಕದಲ್ಲಿದ್ದ ಬ್ರಿಟನ್ನಿನ 'ಗ್ಲಾಸ್ಟರ್' ಎಂಬ ಎಷ್ಟೋ ಚಿಕ್ಕ ಹಡಗು.

ಈ ಹಡಗುಗಳ ಇನ್ನೊಬ್ಬ ಅಕ್ಕ 'ಅಯೋವಾ'ದ ಕಥೆ ನಮ್ಮನ್ನು ಹೆಚ್ಚು ಕಾಡಿತು. 1989ರ ಏಪ್ರಿಲ್ 19ರಂದು ಅದರ ಎರಡನೇ ಫಿರಂಗಿ ಗೋಪುರ ಸಿಡಿದು 47 ಜನ ಸತ್ತರು. ನೌಕಾಪಡೆ ಮೊದಲು ತಪ್ಪನ್ನು ಸತ್ತ ನಾವಿಕನೊಬ್ಬನ ಮೇಲೆ ಹೊರಿಸಿ, 1991ರಲ್ಲಿ ಅದಕ್ಕೆ ಪುರಾವೆಯಿಲ್ಲವೆಂದು ಒಪ್ಪಿ ಅವನ ಮನೆಯವರ ಕ್ಷಮೆ ಕೇಳಿತು. ಮದ್ದಿನ ಚೀಲಗಳನ್ನು ಫಿರಂಗಿಯೊಳಗೆ ಜೋರಾಗಿ ನೂಕಿದರೂ ಕಿಡಿ ಹತ್ತಬಹುದೆಂದು ಸ್ಯಾಂಡಿಯಾ ಪ್ರಯೋಗಾಲಯ ತೋರಿಸಿತು. ಆ ಮದ್ದು ದಶಕಗಳಷ್ಟು ಹಳೆಯದು. ಕನ್ನಡದಲ್ಲಿ ಔಷಧಿಯೂ ಮದ್ದೇ, ಕೋವಿಗೆ ಹಾಕುವುದೂ ಮದ್ದೇ. ಹಳೇ ದಾಸ್ತಾನನ್ನೂ ಹೊಸ ಕೈಯನ್ನೂ ಒಟ್ಟಿಗೆ ನಂಬಬಾರದೆಂದು ಫಾರ್ಮಸಿಯಲ್ಲಿ ಕೂತ ನಮಗೆ ಯಾರೂ ಹೇಳಬೇಕಿಲ್ಲ.

ಡಿಪ್ಲೊಮಾ ಓದುವಾಗ ಎಣ್ಣೆ ನಾಲ್ಕು, ನೀರು ಎರಡು, ಗೋಂದು ಒಂದು ಪಾಲು ಹಾಕಿ ಖಲ್ಬತ್ತಿನಲ್ಲಿ ಅರೆದು ಎಮಲ್ಷನ್ ಮಾಡಿಸುತ್ತಿದ್ದರು. ಲೆಕ್ಕ ಪುಸ್ತಕದಲ್ಲಿತ್ತು. ಆದರೆ ಹದಕ್ಕೆ ಬಂದಾಗ ಏಳುವ ಆ ಟಕಟಕ ಸದ್ದನ್ನು ಮೇಷ್ಟ್ರು ಪಕ್ಕದಲ್ಲಿ ನಿಂತು ಕೇಳಿಸಬೇಕಿತ್ತು. ಈಗ ಎಲ್ಲವೂ ಬಾಟಲಿಯಲ್ಲೇ ಬರುತ್ತದೆ. ಇವತ್ತು ಮಾಡಿ ಎಂದರೆ ನಮ್ಮಿಂದಲೂ ಮೊದಲ ನಾಲ್ಕು ಸಲ ಕೆಟ್ಟೀತು.

ಬ್ಯಾಟಲ್‌ಶಿಪ್ಪಿನದೂ ಹಾಗೆಯೇ. ಭಾರಿ ಉಕ್ಕು ಕಾಯಿಸಿ ಬಡಿಯುವ ಶಕ್ತಿ ಲೋಕದಿಂದ ಹೋಗಿಲ್ಲ. 1907ರಲ್ಲಿ ಜಪಾನಿನ ಮುರೊರಾನ್‌ನಲ್ಲಿ ನೌಕಾ ಫಿರಂಗಿಗೆಂದೇ ಶುರುವಾದ ಜಪಾನ್ ಸ್ಟೀಲ್ ವರ್ಕ್ಸ್ ಈಗ ಅಣುಸ್ಥಾವರದ ಪಾತ್ರೆಗಳಿಗಾಗಿ 600 ಟನ್ನಿನ ಗಟ್ಟಿ ಎರಕ ಹೊಯ್ಯುತ್ತದೆ. ಹೋಗಿರುವುದು ಮುಖ ಮಾತ್ರ ಗಡಸಾಗಿ ಬೆನ್ನು ಮೆತುವಾಗಿರುವ ಒಂದಡಿ ದಪ್ಪದ ಕವಚದ ಹಲಗೆ ಮಾಡುವ ಕುಲುಮೆ, ಆ ಗೋಪುರಗಳನ್ನು ಜೋಡಿಸುವ ಕಾರ್ಖಾನೆ, ಅಲ್ಲಿ ಹದ ನೋಡುತ್ತಿದ್ದ ಕಣ್ಣು. ಲೋಕದಲ್ಲೇ ಕೊನೆಯದಾಗಿ ನೀರಿಗಿಳಿದ ಬ್ಯಾಟಲ್‌ಶಿಪ್ ಬ್ರಿಟನ್ನಿನ 'ವ್ಯಾನ್‌ಗಾರ್ಡ್', 1944ರಲ್ಲಿ. ಅದಕ್ಕೂ ಮೊದಲ ಮಹಾಯುದ್ಧದ ಕಾಲದ ಹಳೆಯ ಗೋಪುರಗಳನ್ನೇ ತಂದು ಕೂರಿಸಿದ್ದರು!

ಸರಪಳಿ ಕಡಿದದ್ದು ಅದಕ್ಕೆ ಗಿರಾಕಿ ಇಲ್ಲದೆ. 1971ರ ಡಿಸೆಂಬರ್ 4ರ ರಾತ್ರಿ ನಮ್ಮ ನಿಪಾತ್, ನಿರ್ಘಾತ್, ವೀರ್ ಎಂಬ ಪುಟ್ಟ ಕ್ಷಿಪಣಿ ದೋಣಿಗಳು ಕರಾಚಿಗೆ ನುಗ್ಗಿ 'ಖೈಬರ್' ಎಂಬ ದೊಡ್ಡ ಹಡಗನ್ನು ಮುಳುಗಿಸಿದವು. ಅದೇ ಜಾತಿಯ 'ಚಪಲ್' ಕಾರವಾರದ ಟಾಗೋರ್ ಕಡಲತೀರದಲ್ಲಿ ವಸ್ತುಸಂಗ್ರಹಾಲಯವಾಗಿ ನಿಂತಿದೆ. ಊರಿಗೆ ಹೋದಾಗ ಮಕ್ಕಳಿಗೆ ತೋರಿಸಿ.

ಕಡಿದ ಸರಪಳಿಯನ್ನು ಬೆಸೆಯಲಾಗದು ಎಂದಲ್ಲ. ವಿಮಾನವಾಹಕ 'ವಿಕ್ರಾಂತ್'ಗೆ ರಷ್ಯಾದ ಉಕ್ಕು ಸಿಗದೇ ಹೋದಾಗ ಹೈದರಾಬಾದಿನ ಡಿಎಂಆರ್‌ಎಲ್ ಮತ್ತು ಸೈಲ್ ಸೇರಿ ನಮ್ಮದೇ ಉಕ್ಕು ತಯಾರಿಸಿದವು. ಕೊಚ್ಚಿಯಲ್ಲಿ 2009ರಲ್ಲಿ ಅಡಿಪಾಯ, 2022ರ ಸೆಪ್ಟೆಂಬರ್ 2ರಂದು ಸೇವೆಗೆ. ಮಿಸೌರಿಗೆ ಹಿಡಿದದ್ದು 1941ರ ಜನವರಿಯಿಂದ 1944ರ ಜೂನ್, ಬರೀ ಮೂರೂವರೆ ವರ್ಷ.

ಮೊನ್ನೆ ಫೋನಿನಲ್ಲಿ ಇದನ್ನೆಲ್ಲ ತಂಗಿಯ ಮಗನಿಗೆ ಹೇಳಿ, "ಕಟ್ಟಬಹುದು ಕಣೋ, ಆದರೆ ಹಡಗಿಗಿಂತ ಮೊದಲು ಕುಲುಮೆ ಕಟ್ಟಬೇಕು" ಎಂದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ: "ಮತ್ತೆ ಕುಲುಮೆ ಕಟ್ಟೋದನ್ನ ಯಾರು ಹೇಳಿಕೊಡ್ತಾರೆ, ಮಾಮಾ?"