ಕಾವಲುಗಾರನನ್ನು ಗುರುತಿಸುವ ಹೊರೆ

1945ರ ಸೆಪ್ಟೆಂಬರಿನಲ್ಲಿ ಜರ್ಮನಿಯ ಲ್ಯೂನೆಬರ್ಗ್‌ನಲ್ಲಿ ಬ್ರಿಟಿಷ್ ಸೇನಾ ನ್ಯಾಯಾಲಯ ಬೆರ್ಗೆನ್-ಬೆಲ್ಸೆನ್ ಶಿಬಿರದ ವಿಚಾರಣೆ ನಡೆಸಿತು. 45 ಆರೋಪಿಗಳ ಎದೆಯ ಮೇಲೆ ಒಂದೊಂದು ಸಂಖ್ಯೆಯ ಚೀಟಿ. ಪೋಲೆಂಡಿನ ಯಹೂದಿ ವೈದ್ಯೆ ಆಡಾ ಬಿಂಕೊ ಆ ಸಾಲಿನಲ್ಲಿದ್ದ ಹಲವರನ್ನು ಗುರುತಿಸಿ ಹೇಳಿದರು. ಶಿಬಿರ ಬಿಡುಗಡೆಯಾಗಿ ಆಗಿನ್ನೂ ಐದು ತಿಂಗಳು. ನೆನಪು ಹಸಿಯಾಗಿತ್ತು, ಮುಖಗಳೂ ಎದುರಿಗಿದ್ದವು. ಹನ್ನೊಂದು ಮಂದಿಗೆ ಗಲ್ಲಾಯಿತು.

ಮರುವರ್ಷ ಮನಶ್ಶಾಸ್ತ್ರಜ್ಞ ಡೇವಿಡ್ ಬೋಡರ್ ತಂತಿ-ಧ್ವನಿಮುದ್ರಕ ಹೊತ್ತು ಅಮೆರಿಕದಿಂದ ಯುರೋಪಿಗೆ ಬಂದು, ಬದುಕುಳಿದವರ ಮಾತನ್ನು ಅವರವರ ಭಾಷೆಯಲ್ಲೇ ದಾಖಲಿಸಿದರು. ಯಾರ ಅಪರಾಧವನ್ನೂ ಸಾಬೀತು ಮಾಡುವ ಹೊಣೆ ಆ ಮಾತುಗಳ ಮೇಲಿರಲಿಲ್ಲ.

ಆ ಹೊಣೆ ಪೂರ್ತಿಯಾಗಿ ಬಿದ್ದದ್ದು 1963ರಲ್ಲಿ ಶುರುವಾದ ಫ್ರಾಂಕ್‌ಫರ್ಟ್‌ನ ಆಶ್‌ವಿಟ್ಜ್ ವಿಚಾರಣೆಯಲ್ಲಿ. ಆಶ್‌ವಿಟ್ಜ್ ಇಡಿಯಾಗಿ ಒಂದೇ ಕೊಲೆಯ ಯಂತ್ರ, ಗೊತ್ತಿದ್ದೂ ಅಲ್ಲಿ ದುಡಿದವರೆಲ್ಲ ಪಾಲುದಾರರು ಎಂಬುದು ಪ್ರಾಸಿಕ್ಯೂಟರ್ ಫ್ರಿಟ್ಜ್ ಬಾವರ್ ಅವರ ವಾದ. ನ್ಯಾಯಾಲಯ ಒಪ್ಪಲಿಲ್ಲ, ಪ್ರತಿ ಆರೋಪಿಯ ಪ್ರತಿ ಕೃತ್ಯಕ್ಕೂ ಬೇರೆ ಬೇರೆ ಪುರಾವೆ ಕೇಳಿತು. ಸಾಕ್ಷಿ ನುಡಿದ 360ರಷ್ಟು ಜನರಲ್ಲಿ 211 ಮಂದಿ ಆಶ್‌ವಿಟ್ಜ್‌ನಿಂದ ಬದುಕಿ ಬಂದವರು. ಆರೋಪಿಗಳಲ್ಲೊಬ್ಬನಾದ ವಿಲ್‌ಹೆಲ್ಮ್ ಬೋಗರ್ ಕೈದಿಯ ಕೈಗಳನ್ನು ಕಟ್ಟಿ, ಮೊಣಕಾಲಿನ ಹಿಂದೆ ಕಬ್ಬಿಣದ ಕಂಬಿ ತೂರಿಸಿ, ತಲೆಕೆಳಗಾಗಿ ನೇತುಹಾಕಿ ಹೊಡೆಯುತ್ತಿದ್ದುದನ್ನು ಅವರು ವಿವರಿಸಿದರು. ಇಷ್ಟು ಹೇಳಿದ ಮೇಲೂ ಪ್ರಶ್ನೆಗಳು ಮುಗಿಯುತ್ತಿರಲಿಲ್ಲ: ಯಾವ ದಿನ? ಎಷ್ಟು ಗಂಟೆಗೆ? ನೀವು ಎಷ್ಟು ದೂರದಲ್ಲಿದ್ದಿರಿ? ಗಡಿಯಾರವಿಲ್ಲದ, ಕ್ಯಾಲೆಂಡರ್ ಇಲ್ಲದ, ಕಾವಲುಗಾರನ ಮುಖ ನೋಡಿದರೇ ಏಟು ಬೀಳುತ್ತಿದ್ದ ಜಾಗದಲ್ಲಿದ್ದವರನ್ನು ಹೀಗೆ ಕೇಳಿದ್ದು ಕ್ರೂರ ಎಂದೇ ನನ್ನ ಅಭಿಪ್ರಾಯ.

ಆದರೆ ಈ ಬಗೆಯ ಸಾಕ್ಷ್ಯ ಎಡವಬಲ್ಲದು ಎಂಬುದೂ ನಿಜ. ಜಾನ್ ಡೆಮ್ಯಾನ್ಯುಕ್‌ನನ್ನು ಟ್ರೆಬ್ಲಿಂಕಾ ಶಿಬಿರದಿಂದ ಬದುಕಿ ಬಂದವರು ಅಲ್ಲಿನ ಕಾವಲುಗಾರ 'ಕ್ರೂರ ಇವಾನ್' ಎಂದು ಗುರುತಿಸಿದ್ದರು. 1988ರಲ್ಲಿ ಜೆರುಸಲೇಮ್‌ನಲ್ಲಿ ಅವನಿಗೆ ಮರಣದಂಡನೆ ವಿಧಿಸಲಾಯಿತು. ಆ ಇವಾನ್ ಬೇರೆಯವನು ಎಂದು ಟ್ರೆಬ್ಲಿಂಕಾದ ಕಾವಲುಗಾರರೇ ಕೊಟ್ಟಿದ್ದ ಹೇಳಿಕೆಗಳು ಸೋವಿಯತ್ ಕಡತಗಳಿಂದ ಹೊರಬಂದವು. 1993ರಲ್ಲಿ ಇಸ್ರೇಲಿನ ಸುಪ್ರೀಂ ಕೋರ್ಟ್ ಅವನನ್ನು ಬಿಡುಗಡೆ ಮಾಡಿತು.

ಇದೇ ಹೊತ್ತಿನಲ್ಲಿ, 1990ರಲ್ಲಿ, ಡಚ್ ಮನಶ್ಶಾಸ್ತ್ರಜ್ಞರಾದ ವಾಗೆನಾರ್ ಮತ್ತು ಗ್ರುನೆವೆಗ್ ನೆದರ್ಲೆಂಡ್ಸಿನ ಎರಿಕಾ ಶಿಬಿರದ ಪ್ರಕರಣವೊಂದರ 78 ಸಾಕ್ಷಿಗಳ ಹೇಳಿಕೆಗಳ ಅಧ್ಯಯನ ಪ್ರಕಟಿಸಿದರು. ನಲವತ್ತರ ದಶಕದ ಹೇಳಿಕೆಗಳನ್ನು ನಲವತ್ತು ವರ್ಷಗಳ ನಂತರದವುಗಳ ಜೊತೆ ಹೋಲಿಸಿದಾಗ, ಶಿಬಿರದ ಅನುಭವ ಬಹುಮಟ್ಟಿಗೆ ಗಟ್ಟಿಯಾಗಿ ಉಳಿದಿತ್ತು. ಆದರೆ ಕೆಲವರಿಗೆ ಹಿಂಸಿಸಿದವನ ಹೆಸರು, ಚಹರೆ, ಕೆಲವೊಮ್ಮೆ ತಾವು ಕಂಡ ಕೊಲೆ ಕೂಡ ಮರೆತುಹೋಗಿತ್ತು. ನರಮೇಧ ನಡೆದೇ ಇಲ್ಲ ಎನ್ನುವವರಿಗೆ ಇದರಲ್ಲಿ ಯಾವ ಆಸರೆಯೂ ಇಲ್ಲ. ಫ್ರಾಂಕ್‌ಫರ್ಟ್‌ನಲ್ಲಿ ಕೇಳಿದ್ದು ನೆನಪು ಅತಿ ಬೇಗ ಕಳೆದುಕೊಳ್ಳುವ ವಿವರಗಳನ್ನೇ ಎಂಬುದನ್ನು ಇದು ತೋರಿಸುತ್ತದೆ.

ಪ್ರತಿ ಕೃತ್ಯಕ್ಕೂ ಬೇರೆ ಪುರಾವೆ ಬೇಕೆಂಬ ನಿಲುವಿನಲ್ಲಿ ತಿರುವು ಬಂದದ್ದು ಅದೇ ಡೆಮ್ಯಾನ್ಯುಕ್‌ನ ಮೂಲಕ. ಸೊಬಿಬೋರ್ ಶಿಬಿರದಲ್ಲಿ ಕಾವಲುಗಾರನಾಗಿದ್ದ ಎಂಬ ದಾಖಲೆಗಳ ಆಧಾರದ ಮೇಲೆಯೇ 2011ರಲ್ಲಿ ಮ್ಯೂನಿಕ್ ನ್ಯಾಯಾಲಯ ಅವನನ್ನು 28,000ಕ್ಕೂ ಹೆಚ್ಚು ಕೊಲೆಗಳಿಗೆ ನೆರವಾದವನೆಂದು ಘೋಷಿಸಿತು. ಮೇಲ್ಮನವಿ ಮುಗಿಯುವ ಮೊದಲೇ ಅವನು ಸತ್ತ. 2015ರಲ್ಲಿ ಆಶ್‌ವಿಟ್ಜ್‌ನಲ್ಲಿ ದುಡಿದಿದ್ದ ಆಸ್ಕರ್ ಗ್ರೋನಿಂಗ್‌ಗೆ ನಾಲ್ಕು ವರ್ಷ ಶಿಕ್ಷೆಯಾಯಿತು. ಅಲ್ಲಿ ಸಾಕ್ಷಿ ಹೇಳಲು ಬಂದ ವೃದ್ಧರು ಅವನ ಮುಖ ನೆನಪಿಸಿಕೊಳ್ಳಬೇಕಿರಲಿಲ್ಲ. ರೈಲಿನಿಂದ ಇಳಿದ ಕ್ಷಣ, ಬೇರ್ಪಟ್ಟ ತಾಯಿ, ತಂಗಿಯರ ಬಗ್ಗೆ ಮಾತಾಡಿದರು. 2016ರಲ್ಲಿ ಜರ್ಮನಿಯ ಸರ್ವೋಚ್ಚ ಫೆಡರಲ್ ನ್ಯಾಯಾಲಯ ಆ ತೀರ್ಪನ್ನು ಎತ್ತಿಹಿಡಿಯಿತು. ಬಾವರ್ ಅವರ ವಾದವನ್ನು 1969ರಲ್ಲಿ ತಳ್ಳಿಹಾಕಿದ್ದೂ ಇದೇ ನ್ಯಾಯಾಲಯ.